ಘಟ್ಟ ಹತ್ತಿ ಬಂದವರ ಹೆಸರು

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿ ಸೀಮೆಯಲ್ಲಿ ಇಂದು ನೆಲೆಸಿರುವ ಮನೆತನಗಳಲ್ಲಿ ಹಲವು ನಾಲ್ಕೈದು ತಲೆಮಾರಿನ ಹಿಂದೆ ಬೇರೆ ಕಡೆಯಿಂದ ಬಂದವು. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ ಕಡೆಯ ತುಳುವರು, ಕೊಂಕಣಿ ಮಾತಾಡುವ ಕ್ರೈಸ್ತರು, ಬ್ಯಾರಿಗಳು ಘಟ್ಟದ ಕೆಳಗಿನಿಂದ ಬಂದರು. ತಮಿಳು ಜಿಲ್ಲೆಗಳಿಂದ, ಮಲಬಾರಿನಿಂದ ಬಂದವರೂ ಇದ್ದಾರೆ. ಸ್ಕಾಟ್ಲೆಂಡ್, ಇಂಗ್ಲೆಂಡುಗಳಿಂದ ಬೆರಳೆಣಿಕೆಯ ಕುಟುಂಬಗಳು ಬಂದು, ಒಂದೆರಡು ತಲೆಮಾರು ತೋಟ ಮಾಡಿ, ಮರಳಿ ಹೋದವು. ಇವರೆಲ್ಲರನ್ನೂ ಮೇಲಕ್ಕೆ ಸೆಳೆದದ್ದು ಕಾಫಿ. ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಕ್ಯಾನನ್ ಎಂಬ ದೊರೆ ಮಾಡಿದ ತೋಟ ಕೈಹಿಡಿದದ್ದನ್ನು ಕಂಡು, 1843ರಲ್ಲಿ ಗ್ರೀನ್ ಎಂಬುವನು ದಕ್ಷಿಣ ಮಂಜರಾಬಾದಿನ ಐಗೂರಿನ ಬಳಿ ಕಾಫಿ ಹಾಕಿದ. ಮಂಜರಾಬಾದ್ ಎಂದರೆ ಇಂದಿನ ಸಕಲೇಶಪುರ ಸೀಮೆಗೆ ಅಂದಿದ್ದ ಹೆಸರು. 1856ರ ಹೊತ್ತಿಗೆ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಬಂದ. 1860ರ ದಶಕದಲ್ಲಿ ತೋಟಗಳ ಸಂಖ್ಯೆ ಏರಿತು. ತೋಟ ಏರಿದಂತೆ ಆಳು ಬೇಕಾಯಿತು. ಮಲೆನಾಡಿನ ಒಕ್ಕಲು ತನ್ನ ಗದ್ದೆ ಬಿಟ್ಟು ದೊರೆಯ ತೋಟಕ್ಕೆ ವರ್ಷವಿಡೀ ಬರುವಂತಿರಲಿಲ್ಲ. ಆಳು ಹೊರಗಿನಿಂದ ಬರಬೇಕಾಯಿತು.

ಬಂದವರಲ್ಲಿ ಹೆಚ್ಚಿನವರು ಮೊದಲು ನೆಲೆಸಲು ಬಂದವರಲ್ಲ. ಕೆಳಗೆ ಗದ್ದೆಯ ಕೊಯ್ಲು ಮುಗಿದ ಮೇಲೆ ಘಟ್ಟ ಹತ್ತಿ, ಕಾಫಿ ಹಣ್ಣು ಬಿಡಿಸಿ, ಮುಂಗಾರಿಗೆ ಮೊದಲು ಇಳಿಯುವುದು ಅವರ ರೂಢಿ. ಹಾಗೆ ಹತ್ತಿಳಿಯುತ್ತ ಒಂದು ವರ್ಷ ಯಾರೋ ಇಳಿಯದೆ ಆಳುಗಳ ಸಾಲುಮನೆಯಾದ ಲೈನಿನಲ್ಲೇ ಉಳಿದರು, ಮದುವೆಯಾದರು, ಮಕ್ಕಳನ್ನು ಪಡೆದರು. ಆದ್ದರಿಂದ ‘ನಮ್ಮ ಮುತ್ತಜ್ಜ ಯಾವಾಗ ಬಂದ’ ಎಂಬ ಪ್ರಶ್ನೆಗೆ ಹಲವು ಮನೆಗಳಲ್ಲಿ ಒಂದೇ ಇಸವಿಯ ಉತ್ತರ ಸಿಗುವುದಿಲ್ಲ. ಹತ್ತಾರು ಸಲ ಬಂದು, ಕೊನೆಗೊಮ್ಮೆ ಹೋಗದೆ ಉಳಿದವನ ಆಗಮನಕ್ಕೆ ದಿನಾಂಕ ಹುಡುಕುವುದು ಕಷ್ಟ. ಅವನು ಮೊದಲ ಬಾರಿಗೆ ಬರವಣಿಗೆಯಲ್ಲಿ ಕಾಣಿಸಿಕೊಂಡ ದಿನವನ್ನು ಮಾತ್ರ ಹುಡುಕಲು ಸಾಧ್ಯ. ಅದನ್ನು ಹುಡುಕುವವರು ಪ್ರತಿ ಹೆಜ್ಜೆಗೂ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದೇ: ಈ ಮನುಷ್ಯನ ಹೆಸರನ್ನು ಬರೆದಿಟ್ಟುಕೊಳ್ಳುವ ಅಗತ್ಯ ಯಾರಿಗಿತ್ತು, ಯಾಕಿತ್ತು?

ಹೋಲಿಕೆಗೆ ಬೇರೊಂದು ನಾಡನ್ನು ನೋಡೋಣ: ವಂಶದ ಹುಡುಕಾಟಕ್ಕೆ ಜಗತ್ತಿನಲ್ಲೇ ಅನುಕೂಲವಾದ ನಾಡುಗಳಲ್ಲಿ ನಾರ್ವೆ ಒಂದು. ಅಲ್ಲಿನ ವಲಸೆಯೂ ದೊಡ್ಡದು. 1825ರ ಜುಲೈ 4ರಂದು ಸ್ಟವಾಂಗರ್ ಬಂದರಿನಿಂದ ‘ರೆಸ್ಟೊರೇಶನ್’ ಎಂಬ ಸಣ್ಣ ಹಾಯಿಹಡಗು ಅಮೆರಿಕಕ್ಕೆ ಹೊರಟಿತು. ಮುಂದಿನ ನೂರು ವರ್ಷಗಳಲ್ಲಿ ಸುಮಾರು 8 ಲಕ್ಷ ಜನ ಅದೇ ದಾರಿ ಹಿಡಿದರು. ಅಲ್ಲಿನ ರಾಜ್ಯಕ್ಕೂ ಚರ್ಚಿಗೂ ಪ್ರತಿ ಹೆಸರು ಬೇಕಿತ್ತು. 1812ರ ಆಜ್ಞೆಯ ನಂತರ ಪ್ರತಿ ಧರ್ಮಕೇಂದ್ರದ ಪುಸ್ತಕವೂ ಅಚ್ಚಾದ ಗೆರೆಪಟ್ಟಿಯಲ್ಲಿ, ಎರಡು ಪ್ರತಿಗಳಲ್ಲಿ ಸಿದ್ಧವಾಗತೊಡಗಿತು. ಜ್ಞಾನಸ್ನಾನ, ಮದುವೆ, ಮರಣಗಳ ಜೊತೆಗೆ ಊರು ಬಿಟ್ಟವರ ಪಟ್ಟಿ, ಊರಿಗೆ ಬಂದವರ ಪಟ್ಟಿಯೂ ಅದರಲ್ಲಿರುತ್ತದೆ. 1867ರಿಂದ ಬಂದರುಗಳ ಪೊಲೀಸರು ವಲಸಿಗರ ದಾಖಲೆ ಇಟ್ಟರು. 1801, 1865, 1900, 1910ರ ಜನಗಣತಿಗಳಲ್ಲಿ ಮನೆಮನೆಯ ಹೆಸರು ಉಳಿದಿದೆ. ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಇವನ್ನೆಲ್ಲ ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ಮಿನ್ನೆಸೋಟದ ರೈತನೊಬ್ಬ ತನ್ನ ಮುತ್ತಜ್ಜನ ಹೆಸರು, ಹುಟ್ಟಿದ ವರ್ಷ, ತೋಟದ ಮನೆಯ ಹೆಸರು ಇಷ್ಟನ್ನು ಹಿಡಿದು ಹೊರಟರೆ ಮುನ್ನೂರು ವರ್ಷ ಹಿಂದಕ್ಕೆ ಹೋಗಬಹುದು.

ಭಾರತದಿಂದ ಸಮುದ್ರ ದಾಟಿದವರ ವಿಷಯದಲ್ಲೂ ಇಂಥ ಬರಹ ಉಂಟು. 1860ರ ನವೆಂಬರಿನಲ್ಲಿ ಮದರಾಸಿನಿಂದ ‘ಟ್ರೂರೋ’ ಹಡಗು ದಕ್ಷಿಣ ಆಫ್ರಿಕದ ನಟಾಲ್ ತಲುಪಿತು. ಆಗಿನಿಂದ 1911ರವರೆಗೆ ಒಪ್ಪಂದದ ಆಳುಗಳಾಗಿ ಹೋದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಎತ್ತರ, ಮೈಮೇಲಿನ ಮಚ್ಚೆ ಕೂಡ ಇದೆ. ಅದೇ ಕಾಲದಲ್ಲಿ ಉಪ್ಪಿನಂಗಡಿಯಿಂದ ಮಂಜರಾಬಾದಿನ ಘಟ್ಟದ ದಾರಿಯಲ್ಲಿ ನಡೆದು ಸಕಲೇಶಪುರಕ್ಕೆ ಬಂದವನ ಬಗ್ಗೆ ಇಂಥ ಒಂದು ಗೆರೆಯೂ ಇಲ್ಲ. ವಾಸ್ತವದಲ್ಲಿ ಅವನೂ ಒಂದು ಗಡಿ ದಾಟಿದ್ದ: ಕೆಳಗಿನ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು, ಮೇಲಿನ ಹಾಸನ ಮೈಸೂರು ಸಂಸ್ಥಾನಕ್ಕೆ. ಆದರೆ ಆ ಗಡಿಯಲ್ಲಿ ಮನುಷ್ಯರ ಹೆಸರು ಕೇಳುವವರಿರಲಿಲ್ಲ. ಸಮುದ್ರ ದಾಟಿ ಹೋದವನ ಮಚ್ಚೆಯೂ ಗೊತ್ತು; ಮೂರು ದಿನ ನಡೆದು ಬಂದವನ ಹೆಸರೂ ಗೊತ್ತಿಲ್ಲ. ಜನಗಣತಿಯೂ ಇಲ್ಲಿ ನೆರವಾಗದು. ಮೈಸೂರಿನಲ್ಲಿ 1871ರಿಂದಲೇ ಗಣತಿ ನಡೆದಿದೆ, ದಕ್ಷಿಣ ಕನ್ನಡದಲ್ಲಿ ಹುಟ್ಟಿ ಹಾಸನದಲ್ಲಿ ಎಣಿಕೆಯಾದವರ ಲೆಕ್ಕವೂ ಮುಂದಿನ ವರದಿಗಳ ಕೋಷ್ಟಕಗಳಲ್ಲಿ ಸಿಗುತ್ತದೆ. ಹೆಸರಿದ್ದ ಮೂಲ ಹಾಳೆಗಳನ್ನು ಮಾತ್ರ ಲೆಕ್ಕ ಮುಗಿದ ಮೇಲೆ ಉಳಿಸಿಕೊಳ್ಳಲಿಲ್ಲ.

ಹೀಗಿರುವುದರಿಂದ ಹುಡುಕಾಟ ಮನೆಯ ಜಗಲಿಯಿಂದ ಶುರುವಾಗಬೇಕು. ಮನೆಯ ಹಿರಿಯರಿಗೆ ನೆನಪಿರುವ ತೋಟದ ಹೆಸರು, ಕರೆತಂದ ಮೇಸ್ತ್ರಿಯ ಹೆಸರು, ಅಜ್ಜಿಯ ತವರು, ಸತ್ತವರನ್ನು ಎಲ್ಲಿ ಮಣ್ಣು ಮಾಡಿದರು, ವರ್ಷಕ್ಕೊಮ್ಮೆ ಯಾವ ಊರಿನ ಹಬ್ಬಕ್ಕೆ ಇಳಿಯುತ್ತಿದ್ದರು, ಇವು ಯಾವ ದಾಖಲೆಗಿಂತಲೂ ಮೊದಲು ಬೇಕು. ಇವುಗಳಲ್ಲಿ ತೋಟದ ಹೆಸರು ಹೆಚ್ಚು ಬೆಲೆಯದು, ಯಾಕೆಂದರೆ ಮುಂದಿನ ಕಾಗದಗಳೆಲ್ಲ ತೋಟದ ಮೂಲಕವೇ ತೆರೆದುಕೊಳ್ಳುತ್ತವೆ. ಇಲ್ಲಿ ನಾರ್ವೆಯ ಅನುಭವ ಒಂದು ಎಚ್ಚರಿಕೆ ಕೊಡುತ್ತದೆ. 1923ರ ಕಾಯ್ದೆ ಬರುವವರೆಗೆ ಅಲ್ಲಿನ ರೈತನಿಗೆ ಸ್ಥಿರವಾದ ಮನೆತನದ ಹೆಸರಿರಲಿಲ್ಲ. ತಂದೆಯ ಹೆಸರಿನ ಜೊತೆ ವಾಸಿಸುವ ತೋಟದ ಹೆಸರು ಸೇರುತ್ತಿತ್ತು, ತೋಟ ಬದಲಾದರೆ ಹೆಸರೂ ಬದಲಾಗುತ್ತಿತ್ತು. ಮಲೆನಾಡಿನ ಲೈನುಗಳಲ್ಲೂ ಹಾಗೆಯೇ. ಒಂದು ತೋಟದಲ್ಲಿದ್ದಾಗ ಒಂದು ಹೆಸರಿನಿಂದ ಗುರುತಾದವನು ಇನ್ನೊಂದಕ್ಕೆ ಹೋದರೆ ಅಲ್ಲಿ ಹಳೆಯ ತೋಟದ ಹೆಸರಿಟ್ಟು ಕರೆಯುತ್ತಾರೆ. ಕೊಂಕಣಿ ಮನೆಯಲ್ಲಿ ‘ಜುವಾಂವ್’ ಆದವನು ಚರ್ಚಿನ ಲ್ಯಾಟಿನಿನಲ್ಲಿ ‘ಯೊವಾನ್ನೆಸ್’, ತೋಟದ ಗುಮಾಸ್ತನಾದ ರೈಟರ ಪುಸ್ತಕದಲ್ಲಿ ‘ಜಾನ’, ಮೊಮ್ಮಗನ ಶಾಲೆಯಲ್ಲಿ ‘ಜಾನ್’. ‘ಬಸ್ತ್ಯಾಂವ್’ ಎಂಬುದು ಸೆಬಾಸ್ಟಿಯನ್ ಎಂದೂ, ‘ದುಮಿಂಗ್’ ಎಂಬುದು ಡೊಮಿನಿಕ್ ಎಂದೂ ತಿಳಿಯದವರು ಎದುರಿಗಿರುವ ಅಜ್ಜನನ್ನೇ ಗುರುತಿಸದೆ ಪುಟ ಮಗುಚುತ್ತಾರೆ.

ಬಡವನ ಹೆಸರನ್ನು ಶ್ರೀಮಂತನ ಹೆಸರಿನಷ್ಟೇ ಅಚ್ಚುಕಟ್ಟಾಗಿ ಬರೆದ ಪುಸ್ತಕ ಈ ಸೀಮೆಯಲ್ಲಿ ಒಂದೇ: ಕಥೋಲಿಕ ಇಗರ್ಜಿಯದು. ಜ್ಞಾನಸ್ನಾನ ಮತ್ತು ಮದುವೆಗಳನ್ನು ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ವಿಧಿಸಿತ್ತು. 1614ರ ರೋಮನ್ ವಿಧಿಗ್ರಂಥ ಇದಕ್ಕೆ ಮರಣದ ಪುಸ್ತಕವನ್ನೂ, ಧರ್ಮಕೇಂದ್ರದ ಮನೆಮನೆಯ ಆತ್ಮಗಳ ಪಟ್ಟಿಯನ್ನೂ ಸೇರಿಸಿತು. ಚರ್ಚಿಗೆ ಈ ಬರಹ ಬೇಕಾದದ್ದು ಮುಖ್ಯವಾಗಿ ಮದುವೆಯ ಕಾರಣಕ್ಕೆ. ಹುಡುಗ ಹುಡುಗಿ ಹತ್ತಿರದ ರಕ್ತಸಂಬಂಧಿಗಳಲ್ಲವೆಂದು, ಇಬ್ಬರಿಗೂ ಬೇರೆ ಜೀವಂತ ಸಂಗಾತಿ ಇಲ್ಲವೆಂದು ಖಚಿತವಾಗಬೇಕಿತ್ತು. ಘಟ್ಟದ ಕೆಳಗೆ ಒಂದು, ಮೇಲೆ ಒಂದು ಸಂಸಾರ ಮಾಡುವ ಸಾಧ್ಯತೆ ಇದ್ದ ವಲಸೆಯ ಸೀಮೆಯಲ್ಲಿ ಈ ಪ್ರಶ್ನೆ ಬರಿಯ ಶಾಸ್ತ್ರದ್ದಾಗಿರಲಿಲ್ಲ.

ಜ್ಞಾನಸ್ನಾನದ ಒಂದು ದಾಖಲೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿ, ಧರ್ಮತಂದೆ ಮತ್ತು ಧರ್ಮತಾಯಿ, ವಾಸದ ಸ್ಥಳ, ಗುರುಗಳ ಸಹಿ ಇರುತ್ತವೆ. ಓದುವವರು ಸಾಮಾನ್ಯವಾಗಿ ತಂದೆಯ ಹೆಸರಿಗೆ ನಿಲ್ಲುತ್ತಾರೆ. ಧರ್ಮತಂದೆ, ಧರ್ಮತಾಯಿಯರ ಹೆಸರನ್ನು ಬಿಡುವುದು ದೊಡ್ಡ ನಷ್ಟ. ಲೈನಿನಲ್ಲಿ ಒಂಟಿಯಾಗಿದ್ದ ದಂಪತಿ ಮಗುವನ್ನು ಎತ್ತಿಕೊಳ್ಳಲು ಕರೆಯುತ್ತಿದ್ದುದು ತಮ್ಮ ಊರಿನವರನ್ನು ಅಥವಾ ಒಡಹುಟ್ಟಿದವರನ್ನು. ತಂದೆಯ ಊರು ಎಲ್ಲೂ ಬರೆಯದಿದ್ದಾಗ, ಐದಾರು ಮಕ್ಕಳ ಧರ್ಮತಂದೆತಾಯಿಗಳ ಹೆಸರನ್ನು ಒಟ್ಟಿಗೆ ಇಟ್ಟು ನೋಡಿದರೆ ಊರು ತಾನಾಗಿ ಎದ್ದು ಬರುವುದುಂಟು. ತಂದೆಯ ಜಾಗದಲ್ಲಿ ‘ಅಜ್ಞಾತ’ ಎಂಬರ್ಥದ ಲ್ಯಾಟಿನ್ ಪದ ಮಾತ್ರ ಇರುವ ದಾಖಲೆಗಳೂ ಇಂಥ ಪುಸ್ತಕಗಳಲ್ಲಿ ಎದುರಾಗುತ್ತವೆ. ಅವುಗಳ ಹಿಂದೆ ತಾಯಿಯೊಬ್ಬಳ ನೋವಿದೆ. ಅಂಥ ಪುಟವನ್ನು ಗೌರವದಿಂದ ಓದಬೇಕು, ಊಹೆಯಿಂದ ತುಂಬಬಾರದು.

ಅಂಚಿನ ಬರಹ ಇದಕ್ಕಿಂತಲೂ ಮುಖ್ಯ. 1907ರ ಆಗಸ್ಟಿನಲ್ಲಿ ಪೋಪ್ ಹತ್ತನೆಯ ಪಿಯೂಸ್ ಕಾಲದಲ್ಲಿ ಹೊರಟ ‘ನೆ ತೆಮೆರೆ’ ಎಂಬ ಆಜ್ಞೆ 1908ರ ಈಸ್ಟರಿನಿಂದ ಜಾರಿಗೆ ಬಂತು. ಮದುವೆ ಎಲ್ಲೇ ನಡೆಯಲಿ, ಅದನ್ನು ನಡೆಸಿದ ಗುರು ವಧುವರರು ಜ್ಞಾನಸ್ನಾನ ಪಡೆದ ಧರ್ಮಕೇಂದ್ರಕ್ಕೆ ತಿಳಿಸಬೇಕು, ಅಲ್ಲಿನ ಗುರು ಹಳೆಯ ಪುಸ್ತಕದಲ್ಲಿ ಅವರ ಹೆಸರಿನ ಪಕ್ಕದಲ್ಲಿ ಮದುವೆಯ ದಿನ, ಸ್ಥಳ, ಸಂಗಾತಿಯ ಹೆಸರು ಬರೆಯಬೇಕು ಎಂದು ಅದು ವಿಧಿಸಿತು. 1917ರ ಚರ್ಚ್ ಕಾನೂನು ಸಂಹಿತೆ ಇದನ್ನೇ ಖಾಯಂ ಮಾಡಿತು. ಘಟ್ಟ ಹತ್ತಿದವರ ವಂಶಜರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಮಲೆನಾಡಿನ ತೋಟದಲ್ಲಿ ಮದುವೆಯಾದ ಹುಡುಗನ ಸುದ್ದಿ ಅಂಚೆಯಲ್ಲಿ ಇಳಿದು ಪುತ್ತೂರಿನದೋ ಅಗ್ರಾರಿನದೋ ಪುಸ್ತಕದ ಅಂಚಿನಲ್ಲಿ ಕುಳಿತಿರುತ್ತದೆ. ಮೇಲಿನ ಮದುವೆಯ ಪುಸ್ತಕದಲ್ಲಿ ಅವನು ಯಾವ ಧರ್ಮಕೇಂದ್ರದವನೆಂದು ಬರೆದಿರುತ್ತದೆ. ಎರಡು ಪುಸ್ತಕಗಳು ಪರಸ್ಪರ ಬೆರಳು ತೋರಿಸುತ್ತವೆ. ಸರ್ಕಾರ ಗಡಿಯಲ್ಲಿ ಇಡದ ಲೆಕ್ಕವನ್ನು ಇಬ್ಬರು ಗುರುಗಳ ಪತ್ರವ್ಯವಹಾರ ಇಟ್ಟಿತು. 1908ಕ್ಕೆ ಮೊದಲು ಮದುವೆಯಾದವರಿಗೆ ಈ ಕೊಂಡಿ ಸಿಗುವ ಭರವಸೆ ಇಲ್ಲ. ಅವರ ಮಕ್ಕಳ ಮದುವೆಯಿಂದ ಹಿಂದಕ್ಕೆ ನಡೆಯಬೇಕು.

ಯಾವ ಪುಸ್ತಕ ಎಲ್ಲಿದೆ ಎಂಬುದು ಚರ್ಚಿನ ಆಡಳಿತದ ಚರಿತ್ರೆ ತಿಳಿದರೆ ಮಾತ್ರ ಗೊತ್ತಾಗುತ್ತದೆ. ಹಾಸನ ಸೀಮೆ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳ ಕ್ಷೇತ್ರವಾಗಿತ್ತು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ಚರ್ಚನ್ನು ಕಟ್ಟಿದವರೂ ಅವರೇ. 1850ರಲ್ಲಿ ಪ್ರತ್ಯೇಕ ಧರ್ಮಕ್ಷೇತ್ರವಾದ ಮೈಸೂರು 1886ರಲ್ಲಿ ಧರ್ಮಪ್ರಾಂತ್ಯವಾಯಿತು. 1940ರಲ್ಲಿ ಬೆಂಗಳೂರು ಅದರಿಂದ ಬೇರೆಯಾಯಿತು. 1963ರ ನವೆಂಬರಿನಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿ ಹಾಸನ ಜಿಲ್ಲೆ ಅದಕ್ಕೆ ಸೇರಿತು. ಇಗರ್ಜಿಗಳೂ ಹೀಗೆಯೇ ಒಡೆದು ಹೊಸದಾದವು. ಇಂದು ತೋಟದ ಪಕ್ಕದಲ್ಲೇ ಇರುವ ಇಗರ್ಜಿಯ ಪುಸ್ತಕ 1930ರಿಂದ ಶುರುವಾಗಿದ್ದರೆ, ಅದಕ್ಕೆ ಮೊದಲು ಆ ತೋಟ ಯಾವ ಮಾತೃ ಇಗರ್ಜಿಗೆ ಸೇರಿತ್ತೆಂದು ಕೇಳಬೇಕು. ಮೂಲ ಪುಸ್ತಕ ಗೆದ್ದಲಿಗೆ ಅಥವಾ ಮಳೆಗೆ ಹೋಗಿದ್ದರೂ ನಿರಾಶರಾಗಬೇಕಿಲ್ಲ. ವರ್ಷದ ಕೊನೆಗೆ ಒಂದು ಪ್ರತಿಯನ್ನು ಬಿಷಪರ ಕಚೇರಿಗೆ ಕಳಿಸಬೇಕೆಂದು 1917ರ ಸಂಹಿತೆಯೇ ಹೇಳಿತ್ತು. ಮಿಷನರಿಗಳ ವಾರ್ಷಿಕ ವರದಿ, ಜೀವನ ವಿವರಗಳು ಪ್ಯಾರಿಸಿನ ಪತ್ರಾಗಾರದಲ್ಲಿವೆ. ಅಲ್ಲಿ ಕೂಲಿಯ ಹೆಸರು ಸಿಗದಿದ್ದರೂ, ಗುರುಗಳು ಯಾವ ವರ್ಷ ಯಾವ ತೋಟಗಳನ್ನು ಸುತ್ತಿದರೆಂಬ ಸುಳಿವು ಸಿಗಬಹುದು. ಈ ಪುಸ್ತಕಗಳು ಸಾರ್ವಜನಿಕ ದಾಖಲೆಗಳಲ್ಲ. ಗುರುಗಳ ಅನುಮತಿ ಬೇಕು, ಜೀವಂತ ಇರುವವರ ವಿವರ ಕೇಳಬಾರದು.

ಪ್ರೊಟೆಸ್ಟೆಂಟ್ ಕುಟುಂಬಗಳ ದಾರಿ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೆಳಗಿನ ಜಿಲ್ಲೆಯಲ್ಲೂ ಕೊಡಗಿನಲ್ಲೂ ಕೆಲಸ ಮಾಡಿತು. ಕೊಡಗಿನ ಆನಂದಪುರದಲ್ಲಿ ಹರ್ಮನ್ ಮೋಗ್ಲಿಂಗ್ ಹೊಲೆಯ ಸಮುದಾಯದ ಹೊಸ ಕ್ರೈಸ್ತರಿಗಾಗಿ ಕಾಫಿ ತೋಟವನ್ನೇ ಮಾಡಿಸಿದರು. ಆ ಮಿಷನ್ನಿನ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲೂ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೂ ಇವೆ. ಹಾಸನದಲ್ಲಿ ಕೆಲಸ ಮಾಡಿದ್ದು ವೆಸ್ಲಿಯನ್ ಮಿಷನ್. ಅದರ ಹಳೆಯ ಪತ್ರಗಳು ಲಂಡನ್ನಿನ ಸೋಆಸ್ ಗ್ರಂಥಾಲಯಕ್ಕೆ ಸೇರಿವೆ. ಬ್ಯಾರಿ ಮತ್ತು ಮಾಪಿಳ್ಳೆ ಮನೆಗಳಲ್ಲಿ ಹುಡುಕುವವರು ಮಸೀದಿಯ ಜಮಾಅತಿನ ನಿಕಾಹ್ ಪುಸ್ತಕಕ್ಕೆ ಹೋಗಬೇಕು. ವಧುವಿನ ಪರವಾಗಿ ನಿಂತ ವಲಿ, ಸಾಕ್ಷಿಗಳು ಎಲ್ಲಿಯವರೆಂದು ನೋಡಿದರೆ ಕೆಳಗಿನ ಜಮಾಅತಿನ ಜಾಡು ಸಿಗುತ್ತದೆ.

ತೋಟದ ಕಾಗದಗಳಿಗೆ ಬೇರೆಯದೇ ಸ್ವಭಾವ. ದೊರೆಗೆ ಆಳಿನ ಹೆಸರು ಬೇಕಾದದ್ದು ಕೂಲಿ ಮತ್ತು ಮುಂಗಡದ ಲೆಕ್ಕಕ್ಕೆ. ಮುಂಗಡ ಪಡೆದ ಮೇಸ್ತ್ರಿ ಕೆಳಗಿನ ಊರುಗಳಲ್ಲಿ ಹಂಚಿ, ತಂಡ ಕಟ್ಟಿ ಕರೆತರುತ್ತಿದ್ದ. ಎಷ್ಟೋ ಕಡೆ ತೋಟದ ಪುಸ್ತಕದಲ್ಲಿ ಮೇಸ್ತ್ರಿಯ ಹೆಸರು ಮಾತ್ರ ಇದ್ದು, ಅವನ ಕೆಳಗೆ ‘ಗಂಡು ಇಷ್ಟು, ಹೆಣ್ಣು ಇಷ್ಟು’ ಎಂಬ ಎಣಿಕೆ ಇರುತ್ತಿತ್ತು. ಹೆಸರು ಹಿಡಿದದ್ದು ಚೆಕ್‌ರೋಲ್. ರೈಟರು ಪ್ರತಿದಿನ ಹಾಜರಿ ಗುರುತಿಸಿ ಬಟವಾಡೆಗೆ ಲೆಕ್ಕ ಕಟ್ಟುತ್ತಿದ್ದ ಪುಸ್ತಕ ಅದು. ಅದರಲ್ಲಿ ಗಂಡಸಿನ ಹೆಸರಾದರೂ ಒಂಟಿಯಾಗಿ ಬರುತ್ತದೆ. ಹೆಂಗಸು ‘ಇಂಥವನ ಹೆಂಡತಿ’, ಮಗು ‘ಇಂಥವನ ಮಗ’. ಊರು, ವಯಸ್ಸು ಇರುವುದಿಲ್ಲ. ಲೆಕ್ಕ ಮುಗಿದ ಚೆಕ್‌ರೋಲನ್ನು ಇಟ್ಟುಕೊಳ್ಳುವ ಕಾರಣ ಯಾರಿಗೂ ಇರಲಿಲ್ಲ. ತೋಟ ಕೈಬದಲಾದಾಗ, ಅದರಲ್ಲೂ ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೊರೆಗಳು ಮಾರಿ ಹೋದಾಗ, ಬಂಗಲೆಯ ಅಟ್ಟ ಖಾಲಿ ಮಾಡುವ ಕೆಲಸದಲ್ಲಿ ಇವು ಒಲೆ ಸೇರಿದವು. ಉಳಿದಿರುವ ಒಂದೊಂದು ಕಟ್ಟನ್ನೂ ಇಂದಿನ ಮಾಲೀಕರು ತೂಕಕ್ಕೆ ಹಾಕದೆ ಇಟ್ಟುಕೊಂಡರೆ, ಅದು ಆ ತೋಟದ ಕಥೆಯಷ್ಟೇ ಅಲ್ಲ, ನೂರಾರು ಮನೆಗಳ ಕಥೆಯೂ ಆಗುತ್ತದೆ.

ಆಳು ಮುಂಗಡ ಪಡೆದು ಬಾರದೆ ಹೋದರೆ ಅವನ ಹೆಸರು ಇನ್ನೊಂದು ಕಡೆ ಬೀಳುವ ಸಾಧ್ಯತೆ ಇತ್ತು. 1859ರ 13ನೇ ಕಾಯ್ದೆ, ಒಪ್ಪಂದ ಮುರಿದ ಕೆಲಸಗಾರನನ್ನು ಬ್ರಿಟಿಷ್ ಇಂಡಿಯಾದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು ಅವಕಾಶ ಕೊಟ್ಟಿತ್ತು. 1926ರಲ್ಲಿ ಅದು ಕೊನೆಗೊಂಡಿತು. ಹಾಗೆ ನ್ಯಾಯಾಲಯ ಕಂಡವನ ಬಗ್ಗೆ ಊರು, ತಂದೆ, ಮುಂಗಡದ ಮೊತ್ತ ಎಲ್ಲವೂ ಬರಹವಾಗುತ್ತಿತ್ತು. ನಿಯತ್ತಾಗಿ ದುಡಿದವನು ಮರೆಯಾಗಿ, ಓಡಿಹೋದವನು ದಾಖಲೆಯಲ್ಲಿ ಉಳಿದ. ಮನೆತನದ ಮಾನಕ್ಕೆ ಕುಂದೆಂದು ಇಂಥ ಕಾಗದಕ್ಕೆ ಹೆದರಬೇಕಿಲ್ಲ. ಜ್ವರದ ಸೀಮೆಯಿಂದ, ತೀರದ ಸಾಲದಿಂದ ತಪ್ಪಿಸಿಕೊಂಡವನು ಕಳ್ಳನಲ್ಲ.

ತೋಟದ ಆಳಿನ ಹೆಸರು ಸರಿಯಾಗಿ ಬರಹಕ್ಕೆ ಬಂದದ್ದು 1951ರ ತೋಟ ಕಾರ್ಮಿಕ ಕಾಯ್ದೆಯ ನಂತರ. ಮನೆ, ರಜೆ, ಹೆರಿಗೆ ಭತ್ಯೆ, ಮಕ್ಕಳ ಶಾಲೆಗಳ ಹೊಣೆ ಮಾಲೀಕರ ಮೇಲೆ ಬಿದ್ದಾಗ ಅದಕ್ಕೆಲ್ಲ ಪುಸ್ತಕ ಬೇಕಾಯಿತು. ತೋಟಗಳಿಗೂ ವಿಸ್ತರಿಸಿದ ಭವಿಷ್ಯ ನಿಧಿಯ ಅರ್ಜಿಯಲ್ಲಿ ತಂದೆಯ ಹೆಸರು, ವಯಸ್ಸು, ನಾಮಿನಿಯ ಸಂಬಂಧ ಇರುತ್ತವೆ. ಹೆರಿಗೆ ಭತ್ಯೆಯ ಪುಸ್ತಕದಲ್ಲಿ ಹೆಂಗಸು ಮೊದಲ ಬಾರಿಗೆ ತನ್ನ ಸ್ವಂತ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಭವಿಷ್ಯ ನಿಧಿಯ ಒಂದು ಚೀಟಿ ಸಿಕ್ಕರೆ ಅದನ್ನು ಬಿಸಾಡಬಾರದು. ತೋಟ ಮತ್ತು ವರ್ಷ ಎರಡೂ ಅದರಲ್ಲೇ ಸಿಗುತ್ತವೆ. ಕಾಫಿ ಮಂಡಳಿಗೆ ತೋಟಗಳ ನೋಂದಣಿ ಬೇಕಾಯಿತು; 1942ರ ಕಾಫಿ ಕಾಯ್ದೆಯ ನಂತರದ ಆ ಪಟ್ಟಿಗಳಿಂದ, ಹೆಸರು ಬದಲಿಸಿಕೊಂಡ ಅಥವಾ ತುಂಡಾಗಿ ಮಾರಾಟವಾದ ಹಳೆಯ ತೋಟ ಯಾವುದೆಂದು ಪತ್ತೆ ಹಚ್ಚಬಹುದು.

ತೋಟದ ದೊರೆಯ ವಂಶಜರು ಇಂಗ್ಲೆಂಡಿನಲ್ಲಿ ಕುಳಿತು ಹುಡುಕುವುದು ಇದರ ಮುಂದೆ ಎಷ್ಟೋ ಸುಲಭ. ಅವರ ಜ್ಞಾನಸ್ನಾನ, ಮದುವೆ, ಸಮಾಧಿಗಳ ವಿವರವನ್ನು ಮದರಾಸು ಪ್ರಾಂತದ ಪಾದ್ರಿಗಳು ಪ್ರತಿ ಮಾಡಿ ಲಂಡನ್ನಿಗೆ ಕಳಿಸುತ್ತಿದ್ದರು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದರಾಸಿನ ಕಂತೆಯಾಗಿ ಸೇರಿವೆ. ವರ್ಷವರ್ಷದ ಡೈರೆಕ್ಟರಿಗಳಲ್ಲಿ ತೋಟಗಾರರ ಹೆಸರು, ತೋಟ, ಅಂಚೆಯ ಊರು ಅಚ್ಚಾಗಿವೆ. 1893ರಲ್ಲಿ ಹುಟ್ಟಿದ ಉಪಾಸಿ ಎಂಬ ದಕ್ಷಿಣ ಭಾರತದ ತೋಟಗಾರರ ಒಕ್ಕೂಟದ ಕಾಗದಗಳಿವೆ. ಎಲಿಯಟ್ಟನಂತೂ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕವನ್ನೇ ಬರೆದು, ತನ್ನ ಬದುಕನ್ನು ತಾನೇ ದಾಖಲಿಸಿಟ್ಟ. ಸಮಾಧಿಯ ಕಲ್ಲಿನ ಮೇಲೆ ಹೆಸರಿದೆ; ಸಕಲೇಶಪುರದ ಸರ್ಕಾರಿ ಆಸ್ಪತ್ರೆ ಇಂದಿಗೂ ಕ್ರಾಫರ್ಡ್ ಆಸ್ಪತ್ರೆ ಎಂದೇ ಹೆಸರಾಗಿದೆ. ಒಂದೇ ತೋಟದಲ್ಲಿ ಒಂದೇ ಜ್ವರದಿಂದ ಸತ್ತ ದೊರೆಯ ಸಾವು ಮೂರು ಕಡೆ ಬರಹವಾಯಿತು, ಅವನ ಆಳಿನದು ಒಂದು ಕಡೆಯೂ ಆಗಲಿಲ್ಲ. ಆದರೂ ಆಳುಗಳ ಹುಡುಕಾಟದಲ್ಲಿರುವವರು ದೊರೆಯ ಕಾಗದಗಳನ್ನು ಬದಿಗಿಡಬಾರದು. ತೋಟ ಯಾವ ವರ್ಷ ಶುರುವಾಯಿತು, ಯಾವ ವರ್ಷ ಕೊರಕ ಹುಳು ಬಿದ್ದು ನೆಲಕಚ್ಚಿತು, ಯಾವಾಗ ಆಳುಗಳು ಬೇರೆ ತೋಟಕ್ಕೆ ಹೊರಟರು ಎಂಬುದು ಅವುಗಳಿಂದಲೇ ತಿಳಿಯುತ್ತದೆ. 1860ರ ದಶಕದ ಕೊನೆಯಲ್ಲಿ ಕೊರಕ ಮಂಜರಾಬಾದಿನ ಹಳೆಯ ‘ಚಿಕ್’ ತಳಿಯನ್ನು ನಾಶಮಾಡಿದ್ದರಿಂದ, ಕೊಡಗಿನ ಬೀಜ ತಂದು ಮತ್ತೆ ನೆಡಬೇಕಾಯಿತು. ಆ ವರ್ಷಗಳಲ್ಲಿ ಒಂದು ತೋಟದ ಪಟ್ಟಿಯಿಂದ ಹೆಸರು ಕಾಣೆಯಾದರೆ ಸಾವನ್ನೇ ಊಹಿಸಬೇಕಿಲ್ಲ.

ಸರ್ಕಾರಿ ದಾಖಲೆಗಳಲ್ಲಿ ಹೆಚ್ಚು ಉಪಯುಕ್ತವಾದದ್ದು ಶಾಲೆಯ ದಾಖಲಾತಿ ಪುಸ್ತಕ. ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಹಿಂದೆ ಓದಿದ ಶಾಲೆ ಒಂದೇ ಸಾಲಿನಲ್ಲಿ ಇರುತ್ತವೆ. ಹುಟ್ಟಿದ ದಿನವನ್ನು ಮಾತ್ರ ನಂಬಬಾರದು. ಶಾಲೆ ತೆರೆಯುವ ಜೂನ್ 1ರಂದೇ ಹುಟ್ಟಿದ ಮಕ್ಕಳು ಪುಟದ ತುಂಬ ಇರುತ್ತಾರೆ. ಮಗುವಿನ ಕೈ ತಲೆಯ ಮೇಲಿಂದ ಹಾದು ಕಿವಿ ಮುಟ್ಟಿತೇ ಎಂದು ನೋಡಿ ಮೇಷ್ಟ್ರು ಬರೆದ ದಿನ ಅದು. ಹಳ್ಳಿಯ ಜನನ ಮರಣಗಳನ್ನು ಪಟೇಲ, ಶಾನುಭೋಗರು ಬರೆಯುತ್ತಿದ್ದರು. ವಂಶಪಾರಂಪರ್ಯದ ಗ್ರಾಮಾಧಿಕಾರ 1963ರಲ್ಲಿ ಕೊನೆಗೊಂಡಾಗ ಪುಸ್ತಕಗಳು ತಾಲ್ಲೂಕು ಕಚೇರಿಗೆ ಸೇರಬೇಕಾಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಯಿಂದ ಈಚೆಗೆ ದಾರಿ ಸಲೀಸು. ಪಹಣಿ, ಮ್ಯುಟೇಶನ್ ಪುಸ್ತಕಗಳು ಭೂಮಿ ಇದ್ದವರ ಚರಿತ್ರೆ. ಲೈನಿನಲ್ಲಿದ್ದ ಮನೆತನ ಒಂದೆರಡು ಎಕರೆ ದರಖಾಸ್ತು ಪಡೆದ ದಿನದಿಂದ ಮಾತ್ರ ಅಲ್ಲಿ ಕಾಣಿಸುತ್ತದೆ. ಹಳೆಯ 1950ರ ದಶಕದ ಮತದಾರರ ಪಟ್ಟಿ ಸಿಕ್ಕರೆ ತೋಟದ ಲೈನಿನ ಮನೆಮನೆಯ ವಯಸ್ಕರು ಒಟ್ಟಿಗೆ ಕಾಣಿಸುತ್ತಾರೆ.

ಮೇಲಿನ ಹುಡುಕಾಟದಿಂದ ಒಂದು ಊರಿನ ಹೆಸರು ಕೈಗೆ ಬಂದ ಮೇಲೆ ಘಟ್ಟ ಇಳಿಯಬೇಕು. ಬರಿಯ ‘ಪುತ್ತೂರು’ ಎಂದರೆ ಸಾಲದು. ಮೇಲೆ ಕುಳಿತವರಿಗೆ ತಾಲ್ಲೂಕೆಲ್ಲ ಪುತ್ತೂರೇ. ಗ್ರಾಮ, ಸಾಧ್ಯವಾದರೆ ಮನೆಯ ಹೆಸರು ಬೇಕು. ಕೆಳಗಿನ ಜಿಲ್ಲೆಯಲ್ಲಿ ಭೂಮಿ ವರ್ಗಗಳಾಗಿ ಹಂಚಿತ್ತು, ಬಡವರು ಚಾಲಗೇಣಿ, ಮೂಲಗೇಣಿಗಳಲ್ಲಿ ಸಾಗುವಳಿ ಮಾಡುತ್ತಿದ್ದರು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಸಲ್ಲಿಸಿದ 7ನೇ ನಮೂನೆಯ ಅರ್ಜಿಗಳು, ಭೂ ನ್ಯಾಯಮಂಡಳಿಯ ಹೇಳಿಕೆಗಳು ಇಲ್ಲಿ ಅನಿರೀಕ್ಷಿತ ನಿಧಿ. ತಲೆಮಾರುಗಳಿಂದ ಸಾಗುವಳಿ ಮಾಡಿದ್ದೇವೆಂದು ತೋರಿಸಲು ಊರಲ್ಲಿ ಉಳಿದ ತಮ್ಮನು ತನ್ನ ಅಜ್ಜನ ಹೆಸರನ್ನೂ, ಕೆಲವೊಮ್ಮೆ ಘಟ್ಟಕ್ಕೆ ಹೋದ ಅಣ್ಣನ ಹೆಸರನ್ನೂ ಹೇಳಿರುತ್ತಾನೆ.

ಕಥೋಲಿಕ ಮನೆತನಕ್ಕೆ ಕೆಳಗಿನ ಪುಸ್ತಕಗಳು ಮತ್ತೆ ಬೇರೆ ಭಾಷೆಯಲ್ಲಿ, ಬೇರೆ ಕೈಬರಹದಲ್ಲಿ ತೆರೆದುಕೊಳ್ಳುತ್ತವೆ. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾಗುವ ಮೊದಲು ಕೆನರಾದ ಇಗರ್ಜಿಗಳಲ್ಲಿ ಕೆಲವು ಗೋವೆಯ ಅಧಿಕಾರವನ್ನೂ ಕೆಲವು ರೋಮಿನ ನೇರ ಅಧಿಕಾರವನ್ನೂ ಒಪ್ಪಿದ್ದವು, ಆದ್ದರಿಂದ ಪೋರ್ಚುಗೀಸೂ ಲ್ಯಾಟಿನೂ ಎದುರಾಗುತ್ತವೆ. ಡಿಸೋಜ, ಪಿಂಟೊ, ಲೋಬೊ, ಫೆರ್ನಾಂಡಿಸ್ ಎಂಬ ಅಡ್ಡಹೆಸರುಗಳು ಎಷ್ಟು ಮನೆಗಳಿಗೆ ಹಂಚಿಹೋಗಿವೆಯೆಂದರೆ ಅವುಗಳಿಂದ ಏನೂ ತೀರ್ಮಾನವಾಗದು. ಪ್ರಭು, ಕಾಮತ್, ನಾಯಕ್, ಶೆಣೈ ಎಂಬ ಹಳೆಯ ಕುಟುಂಬನಾಮ ಮನೆಯವರಿಗೆ ನೆನಪಿದ್ದರೆ ಅದು ಬಲವಾದ ಆಧಾರ. ಹಿಂದಕ್ಕೆ ಹೋಗುತ್ತ ಈ ದಾರಿ ಒಂದು ಗೋಡೆಗೆ ಮುಟ್ಟುತ್ತದೆ. 1784ರ ಫೆಬ್ರವರಿಯ ಬೂದಿ ಬುಧವಾರ ಟಿಪ್ಪು ಕೆನರಾದ ಕ್ರೈಸ್ತರನ್ನು ಬಂಧಿಸಿ ಶ್ರೀರಂಗಪಟ್ಟಣಕ್ಕೆ ಕರೆದೊಯ್ದ. 27 ಇಗರ್ಜಿಗಳು ನೆಲಕ್ಕುರುಳಿದವೆಂದು ಸಮುದಾಯದ ಚರಿತ್ರೆ ಹೇಳುತ್ತದೆ. 1799ರ ನಂತರ ಮರಳಿದವರು ಹೊಸ ಪುಸ್ತಕ ತೆರೆದರು. ಆ ಗೋಡೆಯ ಆಚೆ ಏನಾದರೂ ಸಿಗುವುದಿದ್ದರೆ ಅದು ಗೋವೆಯಲ್ಲಿ. ಅಲ್ಲಿನ ಹಳೆಯ ಚರ್ಚ್ ಪುಸ್ತಕಗಳಲ್ಲಿ ಹಲವು ಪಣಜಿಯ ಪತ್ರಾಗಾರದಲ್ಲಿವೆ. ಯಾವ ಹಳ್ಳಿಯಿಂದ ಹೊರಟವರೆಂದು ತಿಳಿಯದೆ ಅವುಗಳನ್ನು ತೆರೆಯುವುದು ಸಮುದ್ರದಲ್ಲಿ ಮುಳುಗಿ ಹುಡುಕಿದಂತೆ.

ತುಳು ಮನೆತನಗಳಿಗೆ ಇಂಥ ಪುಸ್ತಕ ಇಲ್ಲ. ಆದರೆ ಅವರ ನೆನಪಿಗೆ ಒಂದು ವ್ಯವಸ್ಥೆ ಇದೆ. ಅಳಿಯಸಂತಾನದ ಕುಟುಂಬಗಳಲ್ಲಿ ‘ಬಳಿ’ ಎಂಬ ವಂಶದ ಗುರುತು ತಾಯಿಯಿಂದ ಬರುತ್ತದೆ. ಮುತ್ತಜ್ಜನ ಊರು ಮರೆತರೂ ಬಳಿಯ ಹೆಸರನ್ನು ಮರೆಯುವಂತಿಲ್ಲ, ಒಂದೇ ಬಳಿಯಲ್ಲಿ ಮದುವೆ ಕೂಡದು. ಬಯಲುಸೀಮೆಯ ಒಕ್ಕಲು ಮನೆತನಗಳ ವಂಶವನ್ನು ಹೆಳವರು ಬಂದು ಹೇಳುವಂತೆ ತುಳುವರಿಗೆ ಹೇಳುವವರಿಲ್ಲ. ಅವರ ವಂಶವನ್ನು ಕಾಯುವುದು ಕುಟುಂಬದ ಮನೆ, ಅಲ್ಲಿನ ದೈವ, ಮೂಲ ನಾಗ. ಮೇಲೆ ನೆಲೆಸಿದ ಮನೆಯಲ್ಲಿ ಕಷ್ಟ ಬಂದಾಗ ಜೋಯಿಸರ ಬಳಿ ಪ್ರಶ್ನೆ ಇಡುವುದು, ಮೂಲ ನಾಗನನ್ನು ಬಿಟ್ಟಿದ್ದೀರಿ ಎಂಬ ಉತ್ತರ ಬರುವುದು, ಆ ಮೇಲೆ ಕೆಳಗಿನ ಊರೂರು ಸುತ್ತಿ ಬಳಿ, ದೈವದ ಹೆಸರು, ಅಜ್ಜಿಯ ಮಾತು ಹಿಡಿದು ನಾಗನ ಬನವನ್ನು ಹುಡುಕುವುದು ಇಂದಿಗೂ ನಡೆಯುತ್ತದೆ. ಹುಡುಕಿ ಹೋದವರಿಗೆ ಒಂದು ಕಾಡಿನ ತುಂಡಿನಲ್ಲಿ ಹೆಡೆಯೆತ್ತಿದ ಕಲ್ಲು ಸಿಗುತ್ತದೆ. ಅದರ ಮೇಲೆ ಯಾರ ಹೆಸರೂ ಕೆತ್ತಿರುವುದಿಲ್ಲ. ಪಕ್ಕದ ಮನೆಯ ಹಿರಿಯರು ಬಂದು, ‘ನಿಮ್ಮವರೊಬ್ಬರು ಘಟ್ಟಕ್ಕೆ ಹೋದವರು ತಿರುಗಿ ಬರಲಿಲ್ಲವಂತೆ’ ಎಂದು ತಾವು ಕೇಳಿದ್ದನ್ನು ಹೇಳುತ್ತಾರೆ. ಅವರು ಹೇಳಿದ ಹೆಸರು ಮೇಲಿನ ಮನೆಯ ನೆನಪಿನಲ್ಲಿರುವ ಹೆಸರಿಗೆ ಕೂಡಿದರೆ, ಆ ವರ್ಷದ ನಾಗರಪಂಚಮಿಗೆ ಸಕಲೇಶಪುರದಿಂದ ಹಾಲು, ಎಳನೀರು ಹಿಡಿದು ಒಂದು ಸಂಸಾರ ಇಳಿಯುತ್ತದೆ.